ಡಿಕ್ಕಿ ಹೊಡೆದ ವಾಹನ ಪರಾರಿಯಾದಾಗ: ಮೃತ ಪಾದಚಾರಿಯ ಕುಟುಂಬಕ್ಕೆ ತನಿಖೆಯ ಮಾರ್ಗದರ್ಶಿ

ಸಾಮಾನ್ಯ ರಸ್ತೆ ಅಪಘಾತದಲ್ಲಿ ವಾಹನ ಯಾವುದು, ಓಡಿಸಿದವರು ಯಾರು ಎಂಬುದು ಮೊದಲ ನಿಮಿಷದಲ್ಲೇ ಗೊತ್ತಿರುತ್ತದೆ. ತಪ್ಪು ಯಾರದು ಎಂಬುದಷ್ಟೇ ತನಿಖೆಯ ವಿಷಯ. ಪಾದಚಾರಿಗೆ ಡಿಕ್ಕಿ ಹೊಡೆದ ವಾಹನ ನಿಲ್ಲದೆ ಹೋದಾಗ ಈ ಕ್ರಮ ತಲೆಕೆಳಗಾಗುತ್ತದೆ. ಸತ್ತವರು ಮಾತನಾಡಲಾರರು, ನೋಡಿದವರು ಅರೆಕ್ಷಣ ಮಾತ್ರ ನೋಡಿರುತ್ತಾರೆ, ವಾಹನ ರಿಪೇರಿಯಾಗುತ್ತಿರುತ್ತದೆ, ಸಿಸಿಟಿವಿಯ ದೃಶ್ಯ ತನ್ನಷ್ಟಕ್ಕೆ ಅಳಿಸಿಹೋಗುತ್ತಿರುತ್ತದೆ. 2022ರಲ್ಲಿ ದೇಶದಲ್ಲಿ ಹೀಗೆ ಪರಾರಿಯಾದ ವಾಹನಗಳಿಂದ ಸತ್ತವರ ಸಂಖ್ಯೆ 30 ಸಾವಿರವನ್ನು ದಾಟಿತ್ತು. ಇಂಥ ಪ್ರಕರಣದಲ್ಲಿ ಭಾರತದ ಕಾನೂನಿನಡಿ ಪೊಲೀಸರು ಏನೇನು ಮಾಡಬೇಕು, ಯಾವ ಹಂತದಲ್ಲಿ ಕುಟುಂಬದವರು ಏನನ್ನು ಕೇಳಿ ಪಡೆಯಬೇಕು ಎಂಬುದನ್ನು ಇಲ್ಲಿ ಘಟನೆ ನಡೆಯುವ ಕ್ರಮದಲ್ಲೇ ವಿವರಿಸಲಾಗಿದೆ. ತನಿಖೆ ಮಾಡುವ ಕೆಲಸ ಪೊಲೀಸರದು. ಕುಟುಂಬದ ಕೆಲಸವೆಂದರೆ ಮೊದಲ ಮೂರು ನಾಲ್ಕು ದಿನಗಳಲ್ಲಿ ಕಳೆದುಹೋಗಬಹುದಾದ ಪ್ರತಿಯೊಂದು ಸಾಕ್ಷ್ಯವನ್ನೂ ಲಿಖಿತವಾಗಿ ಅವರ ಗಮನಕ್ಕೆ ತರುವುದು.

ದೂರು ಮತ್ತು ಎಫ್‌ಐಆರ್

ಸ್ಥಳದಲ್ಲಿದ್ದವರು 112ಕ್ಕೆ ಕರೆ ಮಾಡಿದ್ದರೂ, ಪೊಲೀಸರು ತಾವಾಗಿಯೇ ಬಂದಿದ್ದರೂ, ಕುಟುಂಬದ ಒಬ್ಬರು ಠಾಣೆಗೆ ಹೋಗಿ ಲಿಖಿತ ದೂರು ಕೊಡುವುದು ಒಳ್ಳೆಯದು. ದೂರುದಾರರಾಗಿ ದಾಖಲಾದವರಿಗೆ ಮುಂದೆ ಮಾಹಿತಿ ಕೇಳುವ ಹಕ್ಕು ನೇರವಾಗಿಯೇ ಸಿಗುತ್ತದೆ. ಘಟನೆ ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆಯಿತು ಎಂಬ ಚರ್ಚೆಯಲ್ಲಿ ಸಮಯ ಕಳೆಯಬೇಕಾಗಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ಅದನ್ನು ಸಂಬಂಧಪಟ್ಟ ಠಾಣೆಗೆ ವರ್ಗಾಯಿಸುವುದು ಪೊಲೀಸರ ಹೊಣೆ. ವಿದ್ಯುನ್ಮಾನ ಮಾರ್ಗದಲ್ಲಿ ದೂರು ಕಳಿಸಿದರೆ ಮೂರು ದಿನಗಳೊಳಗೆ ಸಹಿ ಮಾಡಬೇಕು. ಎಫ್‌ಐಆರ್‌ನ ಪ್ರತಿಯನ್ನು ದೂರುದಾರರಿಗೆ ಅಥವಾ ಸಂತ್ರಸ್ತರಿಗೆ ಉಚಿತವಾಗಿ ಕೊಡಲೇಬೇಕು. ಮೃತರ ಕಾನೂನುಬದ್ಧ ವಾರಸುದಾರರೂ ಸಂಹಿತೆಯ ದೃಷ್ಟಿಯಲ್ಲಿ ಸಂತ್ರಸ್ತರೇ.

ದೂರಿನಲ್ಲಿ ಗೊತ್ತಿರುವುದನ್ನು ಮಾತ್ರ ಬರೆಯಿರಿ. ವಾಹನ ಯಾವುದೆಂದು ತಿಳಿಯದಿದ್ದರೆ ಅಪರಿಚಿತ ವಾಹನ ಎಂದೇ ಬರೆಯಬೇಕು. ಯಾರೋ ಹೇಳಿದರೆಂದು ಬಿಳಿ ಕಾರು ಎಂದು ಬರೆದು, ಆಮೇಲೆ ಬೂದು ಬಣ್ಣದ ಸರಕು ವಾಹನ ಸಿಕ್ಕಿದರೆ, ಆರೋಪಿಯ ಪರ ವಕೀಲರು ವಿಚಾರಣೆಯಲ್ಲಿ ಮೊದಲು ಎತ್ತಿಕೊಳ್ಳುವುದು ಆ ಒಂದು ಪದವನ್ನೇ. ಸಮಯ, ಸ್ಥಳದ ಗುರುತು, ಮೃತರು ಯಾವ ದಿಕ್ಕಿನಿಂದ ಯಾವ ದಿಕ್ಕಿಗೆ ನಡೆಯುತ್ತಿದ್ದರು, ವಾಹನ ಯಾವ ಕಡೆಗೆ ಹೋಯಿತು, ಈ ಸಂಗತಿಗಳು ನಿಮಗೆ ಹೇಗೆ ತಿಳಿದವು ಎಂಬುದಿಷ್ಟು ಸ್ಪಷ್ಟವಾಗಿದ್ದರೆ ಸಾಕು.

ಇಲ್ಲೊಂದು ತೊಡಕಿದೆ. ಮೂರು ವರ್ಷ ಅಥವಾ ಅದಕ್ಕಿಂತ ಹೆಚ್ಚು, ಆದರೆ ಏಳು ವರ್ಷಕ್ಕಿಂತ ಕಡಿಮೆ ಶಿಕ್ಷೆಯಿರುವ ಅಪರಾಧಗಳಲ್ಲಿ, ಡಿವೈಎಸ್‌ಪಿ ದರ್ಜೆಯ ಅಧಿಕಾರಿಯ ಅನುಮತಿ ಪಡೆದು, 14 ದಿನಗಳೊಳಗೆ ಪ್ರಾಥಮಿಕ ವಿಚಾರಣೆ ನಡೆಸುವ ಅವಕಾಶವನ್ನು 173ನೇ ಕಲಂನ ಮೂರನೇ ಉಪಕಲಂ ಪೊಲೀಸರಿಗೆ ಕೊಟ್ಟಿದೆ. ನಿರ್ಲಕ್ಷ್ಯದಿಂದ ಸಾವುಂಟುಮಾಡುವ ಅಪರಾಧಕ್ಕೆ ಗರಿಷ್ಠ ಐದು ವರ್ಷ ಶಿಕ್ಷೆ ಇರುವುದರಿಂದ ಅದೂ ಈ ವ್ಯಾಪ್ತಿಗೆ ಬರುತ್ತದೆ. ರಸ್ತೆಯ ಮೇಲೆ ಶವ ಇದ್ದು, ಗಾಯಗಳು ಡಿಕ್ಕಿಯನ್ನೇ ಹೇಳುತ್ತಿರುವಾಗ 14 ದಿನ ಕಾಯುವುದರಲ್ಲಿ ಅರ್ಥವಿಲ್ಲ ಎಂಬುದು ನನ್ನ ಅಭಿಪ್ರಾಯ. ಅಷ್ಟು ದಿನಗಳಲ್ಲಿ ಅನೇಕ ಕ್ಯಾಮೆರಾಗಳ ದೃಶ್ಯ ಉಳಿದಿರುವುದಿಲ್ಲ. ಠಾಣೆಯಲ್ಲಿ ದೂರು ದಾಖಲಿಸಲು ಒಪ್ಪದಿದ್ದರೆ ಅದೇ ದೂರನ್ನು ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳಿಸಬೇಕು, ಅಲ್ಲಿಯೂ ಕೆಲಸ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಸಲ್ಲಿಸಬಹುದು. ಅಂಚೆಯ ರಸೀದಿಯನ್ನು ಜೋಪಾನವಾಗಿಡಿ.

ಗಾಯಾಳು ಕೆಲವು ದಿನ ಚಿಕಿತ್ಸೆ ಪಡೆದು ಆಮೇಲೆ ತೀರಿಕೊಂಡಿದ್ದರೆ, ಮೊದಲು ಗಾಯದ ಕಲಂಗಳಡಿ ದಾಖಲಾದ ಪ್ರಕರಣಕ್ಕೆ ಸಾವಿನ ಕಲಂ ಸೇರಿಸಲು ತನಿಖಾಧಿಕಾರಿ ನ್ಯಾಯಾಲಯಕ್ಕೆ ವರದಿ ಸಲ್ಲಿಸಬೇಕು. ಇದು ಆಗಿದೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ. ಆಸ್ಪತ್ರೆಯಲ್ಲಿ ಗಾಯಾಳು ಮಾತನಾಡುವ ಸ್ಥಿತಿಯಲ್ಲಿದ್ದರೆ ಅವರ ಹೇಳಿಕೆಯನ್ನು ಕೂಡಲೇ ದಾಖಲಿಸುವಂತೆ ವೈದ್ಯರಿಗೂ ಪೊಲೀಸರಿಗೂ ತಿಳಿಸಬೇಕು. ಸಾವಿನ ನಂತರ ಅದು ಮರಣಕಾಲದ ಹೇಳಿಕೆಯಾಗಿ ಸಾಕ್ಷ್ಯವಾಗುತ್ತದೆ.

ಶವ ಪಂಚನಾಮೆ, ಮರಣೋತ್ತರ ಪರೀಕ್ಷೆ ಮತ್ತು ಬಟ್ಟೆಗಳು

ಅಸಹಜ ಸಾವಿನಲ್ಲಿ ಶವ ಪಂಚನಾಮೆ ಸಂಹಿತೆಯ 194ನೇ ಕಲಂ ಪ್ರಕಾರ ಕಡ್ಡಾಯ. ಪಂಚರ ಸಮಕ್ಷಮದಲ್ಲಿ ದೇಹದ ಮೇಲಿನ ಗಾಯಗಳನ್ನು, ಮೈಮೇಲಿದ್ದ ಬಟ್ಟೆ ಮತ್ತು ವಸ್ತುಗಳನ್ನು ದಾಖಲಿಸಲಾಗುತ್ತದೆ. ದುಃಖದ ಹೊತ್ತಿನಲ್ಲಿ ಬೇಗ ಮುಗಿಸಿ ಶವವನ್ನು ಕೊಡಲಿ ಎಂಬ ಆತುರ ಸಹಜ. ಆದರೆ ಪರಾರಿ ಪ್ರಕರಣದಲ್ಲಿ ದೇಹ ಮತ್ತು ಬಟ್ಟೆಯೇ ವಾಹನದ ಮೊದಲ ಗುರುತು ಎಂಬುದು ಆ ಹೊತ್ತಿನಲ್ಲಿ ಯಾರಿಗೂ ಹೊಳೆಯುವುದಿಲ್ಲ.

ನಿಂತಿರುವ ವ್ಯಕ್ತಿಗೆ ಬಂಪರ್ ತಾಗಿದರೆ ಗಾಯ ಕಾಲಿನಲ್ಲಿ ಆಗುತ್ತದೆ, ಅದು ಅಂಗಾಲಿನಿಂದ ಎಷ್ಟು ಎತ್ತರದಲ್ಲಿದೆ ಎಂಬ ಅಳತೆ ಬಂಪರಿನ ಎತ್ತರದ ಅಂದಾಜನ್ನು ಕೊಡುತ್ತದೆ. ಚಾಲಕ ಬ್ರೇಕ್ ಹಾಕಿದ್ದರೆ ವಾಹನದ ಮುಂಭಾಗ ಬಾಗುವುದರಿಂದ ಗಾಯ ಇನ್ನಷ್ಟು ಕೆಳಗೆ ಬೀಳುತ್ತದೆ. ಕಾಲಿನ ಮೂಳೆಯಲ್ಲಿ ತ್ರಿಕೋನಾಕಾರದ ತುಂಡು ಮುರಿದಿದ್ದರೆ ಅದರ ಅಗಲವಾದ ತಳ ಸಾಮಾನ್ಯವಾಗಿ ಡಿಕ್ಕಿ ಬಿದ್ದ ಬದಿಗಿರುತ್ತದೆ, ಹಾಗಾಗಿ ಮೃತರು ವಾಹನಕ್ಕೆ ಬೆನ್ನು ಮಾಡಿದ್ದರೇ ಅಥವಾ ಅಡ್ಡ ದಾಟುತ್ತಿದ್ದರೇ ಎಂಬ ಪ್ರಶ್ನೆಗೆ ಅದೇ ಉತ್ತರ ಹೇಳಬಲ್ಲದು. ಮೈಮೇಲೆ ಚಕ್ರ ಹರಿದಿದ್ದರೆ ಟೈರಿನ ವಿನ್ಯಾಸ ಚರ್ಮದ ಮೇಲೋ ಬಟ್ಟೆಯ ಮೇಲೋ ಮೂಡಿರಬಹುದು. ಗಾಯಗಳಲ್ಲಿ ಬಣ್ಣದ ಚೂರು, ಗಾಜಿನ ಪುಡಿ, ಗ್ರೀಸು ಸಿಗುವುದೂ ಉಂಟು. ಆದ್ದರಿಂದ ಮರಣೋತ್ತರ ಪರೀಕ್ಷೆಗೆ ಮುನ್ನವೇ ತನಿಖಾಧಿಕಾರಿಗೆ ಚಿಕ್ಕದೊಂದು ಮನವಿ ಬರೆದುಕೊಡಿ: ಗಾಯಗಳ ಎತ್ತರವನ್ನು ಅಂಗಾಲಿನಿಂದ ಅಳೆದು ನಮೂದಿಸಬೇಕು, ಛಾಯಾಚಿತ್ರ ತೆಗೆಯಬೇಕು, ಬಟ್ಟೆ ಮತ್ತು ಪಾದರಕ್ಷೆಯನ್ನು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಬೇಕು ಎಂದು.

ಆಸ್ಪತ್ರೆಯ ಸಿಬ್ಬಂದಿ ಬಟ್ಟೆಯನ್ನು ಕತ್ತರಿಸಿ ತೆಗೆದು ಚೀಲದಲ್ಲಿ ಹಾಕಿ ಮನೆಯವರ ಕೈಗೆ ಕೊಟ್ಟುಬಿಡುವುದುಂಟು. ಅದನ್ನು ತೊಳೆಯಬಾರದು, ಸುಡಬಾರದು, ಒದ್ದೆಯಾಗಿರುವುದನ್ನು ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿಡಬಾರದು, ಏಕೆಂದರೆ ತೇವದಲ್ಲಿ ಬೂಸು ಹಿಡಿದು ರಕ್ತದ ಮಾದರಿ ಕೆಡುತ್ತದೆ. ಕಾಗದದ ಮೇಲೆ ಹರಡಿ ನೆರಳಲ್ಲಿ ಒಣಗಿಸಿ, ಕಾಗದದ ಚೀಲದಲ್ಲಿ ಇಟ್ಟು, ಅಂದೇ ಪೊಲೀಸರಿಗೆ ಒಪ್ಪಿಸಿ ಜಪ್ತಿ ಮಹಜರಿನಲ್ಲಿ ಸೇರಿಸುವಂತೆ ಕೇಳಬೇಕು.

ಮೃತರ ಗುರುತು ಸಿಗದ ಪ್ರಕರಣಗಳಲ್ಲಿ ಬೆರಳಚ್ಚು, ನಾಪತ್ತೆಯಾದವರ ಪಟ್ಟಿ, ಮೈಮೇಲಿನ ಗುರುತುಗಳ ಪ್ರಕಟಣೆ ಇವೇ ದಾರಿ. ಮನೆಯ ಯಾರಾದರೂ ಕಾಣೆಯಾಗಿದ್ದರೆ ಆಸುಪಾಸಿನ ಠಾಣೆಗಳ ಅಸಹಜ ಸಾವಿನ ದಾಖಲೆಗಳನ್ನೂ ವಿಚಾರಿಸಿ.

ಸ್ಥಳ ಮಹಜರು

ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕೆಂದು ಹೊಸ ಸಂಹಿತೆಯ 176ನೇ ಕಲಂ ಹೇಳುತ್ತದೆ. ನಿರ್ಲಕ್ಷ್ಯದ ಸಾವು ಆ ಮಿತಿಯೊಳಗೆ ಬರುವುದಿಲ್ಲ. ಅಂದರೆ ತಜ್ಞರನ್ನು ಕರೆಸುವುದು ಇಲ್ಲಿ ತನಿಖಾಧಿಕಾರಿಯ ವಿವೇಚನೆಗೆ ಬಿಟ್ಟದ್ದು. ವಾಹನವೇ ಗೊತ್ತಿಲ್ಲದ ಪ್ರಕರಣದಲ್ಲಿ ತಜ್ಞರ ಅಗತ್ಯ ಉಳಿದ ಅಪಘಾತಗಳಿಗಿಂತ ಹೆಚ್ಚು ಎಂಬುದನ್ನು ವಿವರಿಸಿ ಲಿಖಿತವಾಗಿ ಕೋರಬಹುದು. ಕೋರಿಕೆಯನ್ನು ಒಪ್ಪಲೇಬೇಕೆಂದಿಲ್ಲ, ಆದರೆ ಅದು ಕಡತದಲ್ಲಿ ಉಳಿಯುತ್ತದೆ.

ಮಹಜರಿನಲ್ಲಿ ರಸ್ತೆಯ ಅಗಲ, ಬೀದಿದೀಪ, ಜೀಬ್ರಾ ಪಟ್ಟೆ, ಬ್ರೇಕಿನ ಗುರುತು, ಗಾಜು ಮತ್ತು ಪ್ಲಾಸ್ಟಿಕ್ ಚೂರುಗಳು ಹರಡಿದ ಜಾಗ, ರಕ್ತದ ಕಲೆ, ಎಣ್ಣೆಯ ಜಾಡು, ಶವ ಬಿದ್ದಿದ್ದ ಜಾಗ ಇಷ್ಟೂ ಅಳತೆಯೊಂದಿಗೆ ನಕ್ಷೆಯಲ್ಲಿ ಇರಬೇಕು. ಡಿಕ್ಕಿಯಾದ ಬಿಂದುವಿನಿಂದ ದೇಹ ಎಷ್ಟು ದೂರ ಎಸೆಯಲ್ಪಟ್ಟಿತು ಎಂಬ ಒಂದು ಅಳತೆಯಿಂದ ವೇಗವನ್ನು ಅಂದಾಜು ಮಾಡಲು ಸಾಧ್ಯ. ಆ ದೂರ ಹೆಚ್ಚುಕಡಿಮೆ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ, ಅಂದರೆ ವೇಗ ಇಮ್ಮಡಿಯಾದರೆ ದೂರ ಸುಮಾರು ನಾಲ್ಕು ಪಟ್ಟಾಗುತ್ತದೆ. ಚಪ್ಪಲಿ ಬಿದ್ದ ಜಾಗವೇ ಡಿಕ್ಕಿಯಾದ ಜಾಗ ಎಂದು ತೀರ್ಮಾನಿಸುವುದು ಸಾಮಾನ್ಯ ತಪ್ಪು. ಪಾದರಕ್ಷೆ ಎಲ್ಲಿಗೆ ಬೇಕಾದರೂ ಹಾರಬಹುದು. ಶವವನ್ನು ಅಥವಾ ಗಾಯಾಳುವನ್ನು ಯಾರಾದರೂ ರಸ್ತೆಯ ಅಂಚಿಗೆ ಸರಿಸಿದ್ದರೆ, ಸರಿಸಿದವರ ಹೇಳಿಕೆಯನ್ನು ದಾಖಲಿಸದೆ ಮಾಡಿದ ಅಳತೆಗೆ ಬೆಲೆಯಿಲ್ಲ.

ಸ್ಥಳದಲ್ಲಿ ಬಿದ್ದ ಚೂರುಗಳನ್ನು ನೀವು ಎತ್ತಿಕೊಳ್ಳಬೇಡಿ. ಪೊಲೀಸರು ಹೋದ ಮೇಲೆ ಮರುದಿನ ಬೆಳಕಿನಲ್ಲಿ ಚರಂಡಿಯಲ್ಲೋ ಪೊದೆಯಲ್ಲೋ ತುಂಡೊಂದು ಕಂಡರೆ, ಅದರ ಪಕ್ಕದಲ್ಲಿ ಅಳತೆಗೆ ಸಿಗುವ ವಸ್ತುವನ್ನಿಟ್ಟು ಚಿತ್ರ ತೆಗೆದು, ತನಿಖಾಧಿಕಾರಿಗೆ ಫೋನ್ ಮಾಡಿ ಅವರು ಬರುವವರೆಗೆ ಅಲ್ಲೇ ಇರಲು ಬಿಡುವುದು ಸರಿಯಾದ ಕ್ರಮ. ನಿಮ್ಮ ಜೇಬಿನಿಂದ ಹೊರಬಂದ ಹೆಡ್‌ಲೈಟಿನ ಚೂರು ಎಷ್ಟೇ ನಿಜವಾಗಿದ್ದರೂ ನ್ಯಾಯಾಲಯದಲ್ಲಿ ಅನುಮಾನಕ್ಕೆ ಎಡೆಮಾಡುತ್ತದೆ.

ಸಿಸಿಟಿವಿ ದೃಶ್ಯ

ಇಂದಿನ ಪರಾರಿ ಪ್ರಕರಣಗಳಲ್ಲಿ ಹೆಚ್ಚಿನ ಕೆಲಸ ನಡೆಯುವುದು ಇಲ್ಲಿ, ಹೆಚ್ಚಿನ ಸೋಲೂ ಇಲ್ಲಿಯೇ. ಕ್ಯಾಮೆರಾದ ಡಿವಿಆರ್ ಪೆಟ್ಟಿಗೆ ತನ್ನ ಹಾರ್ಡ್ ಡಿಸ್ಕ್ ತುಂಬಿದ ಕೂಡಲೇ ಹಳೆಯ ದೃಶ್ಯದ ಮೇಲೆ ಹೊಸದನ್ನು ಬರೆಯುತ್ತದೆ. ಡಿಸ್ಕಿನ ಗಾತ್ರ ಮತ್ತು ಕ್ಯಾಮೆರಾಗಳ ಸಂಖ್ಯೆಗೆ ತಕ್ಕಂತೆ ಇದು ಒಂದು ವಾರವೂ ಆಗಬಹುದು, ಒಂದು ತಿಂಗಳೂ ಆಗಬಹುದು. ಹಾಗಾಗಿ ಅಂತ್ಯಕ್ರಿಯೆ ಮುಗಿಯುವವರೆಗೆ ಕಾಯದೆ, ಕುಟುಂಬದ ಅಥವಾ ಸ್ನೇಹಿತರ ಬಳಗದ ಇಬ್ಬರು ಅಂದೇ ರಸ್ತೆಯುದ್ದಕ್ಕೂ ನಡೆದು ಯಾವ ಯಾವ ಕಟ್ಟಡದಲ್ಲಿ ರಸ್ತೆಯ ಕಡೆ ಮುಖಮಾಡಿದ ಕ್ಯಾಮೆರಾ ಇದೆ ಎಂದು ಪಟ್ಟಿ ಮಾಡಬೇಕು. ಡಿಕ್ಕಿಯಾದ ಜಾಗವಷ್ಟೇ ಸಾಲದು. ವಾಹನ ಬಂದಿರಬಹುದಾದ ದಾರಿ ಮತ್ತು ಹೋಗಿರಬಹುದಾದ ಎಲ್ಲ ದಾರಿಗಳೂ ಪಟ್ಟಿಯಲ್ಲಿರಬೇಕು. ಪೆಟ್ರೋಲ್ ಬಂಕ್, ಎಟಿಎಂ, ಟೋಲ್ ಗೇಟ್, ಬಸ್ಸುಗಳ ಒಳಗಿನ ಕ್ಯಾಮೆರಾ, ಆ ಹೊತ್ತಿನಲ್ಲಿ ಹಾದುಹೋದ ಕಾರುಗಳ ಡ್ಯಾಶ್‌ಕ್ಯಾಮ್ ಇವನ್ನೂ ಮರೆಯಬಾರದು.

ಈ ಪಟ್ಟಿಯನ್ನು ತನಿಖಾಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ದಾಖಲೆ ಹಾಜರುಪಡಿಸುವಂತೆ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಂ ಅಡಿ ನೋಟಿಸ್ ಕೊಡುವ ಅಧಿಕಾರ ಅವರಿಗಿದೆ, ನಿಮಗಿಲ್ಲ. ದೃಶ್ಯವನ್ನು ಅಳಿಸದೆ ಇಡಿ, ಪೊಲೀಸರು ಬರುತ್ತಾರೆ ಎಂದು ಮಾಲೀಕರಲ್ಲಿ ಸೌಜನ್ಯದಿಂದ ಕೇಳಿಕೊಳ್ಳುವುದಕ್ಕೆ ಮಾತ್ರ ಯಾರ ಅನುಮತಿಯೂ ಬೇಕಿಲ್ಲ. ಹೆಚ್ಚಿನವರು ಒಪ್ಪುತ್ತಾರೆ.

ಎರಡನೆಯ ಸಂಗತಿ ಗಡಿಯಾರದ್ದು. ಕ್ಯಾಮೆರಾದ ಪರದೆಯ ಮೇಲಿನ ಸಮಯ ನಿಜವಾದ ಸಮಯಕ್ಕಿಂತ ಕೆಲವು ನಿಮಿಷ, ಒಮ್ಮೊಮ್ಮೆ ಗಂಟೆಗಳಷ್ಟೇ ಹಿಂದುಮುಂದಾಗಿರುತ್ತದೆ. ಪರದೆಯನ್ನೂ ಮೊಬೈಲಿನ ಗಡಿಯಾರವನ್ನೂ ಒಂದೇ ಚೌಕಟ್ಟಿನಲ್ಲಿ ಚಿತ್ರ ತೆಗೆದರೆ ವ್ಯತ್ಯಾಸ ದಾಖಲಾಗುತ್ತದೆ. ಈ ಸಣ್ಣ ಕೆಲಸ ಮಾಡದ ಕಾರಣಕ್ಕೆ, ಒಂದು ಕ್ಯಾಮೆರಾದಲ್ಲಿ ರಾತ್ರಿ 9.40ಕ್ಕೆ ಕಂಡ ವಾಹನ ಮುಂದಿನ ಕ್ಯಾಮೆರಾದಲ್ಲಿ 9.35ಕ್ಕೆ ಕಂಡು, ಅದು ಬೇರೆ ವಾಹನ ಎಂಬ ವಾದಕ್ಕೆ ದಾರಿಯಾಗುತ್ತದೆ.

ರಾತ್ರಿಯ ದೃಶ್ಯದಲ್ಲಿ ಹೆಡ್‌ಲೈಟಿನ ಪ್ರಖರತೆಯಿಂದಾಗಿ ನೋಂದಣಿ ಸಂಖ್ಯೆ ಕಾಣದೇ ಇರುವುದೇ ಹೆಚ್ಚು. ಅದರಿಂದ ನಿರಾಶರಾಗಬೇಕಾಗಿಲ್ಲ. ಮೊದಲ ಕ್ಯಾಮೆರಾದಲ್ಲಿ ಎರಡೂ ದೀಪ ಉರಿಯುತ್ತಿದ್ದ ವಾಹನ ಡಿಕ್ಕಿಯಾದ ಜಾಗ ದಾಟಿದ ಮೇಲಿನ ಕ್ಯಾಮೆರಾದಲ್ಲಿ ಒಂದೇ ದೀಪದಲ್ಲಿ ಹೋಗುತ್ತಿದ್ದರೆ, ಆ ಎರಡು ಚಿತ್ರಗಳ ನಡುವಿನ ಅಂತರವೇ ಘಟನೆಯನ್ನು ಹೇಳಿಬಿಡುತ್ತದೆ. ಛಾವಣಿಯ ಮೇಲಿನ ಕಂಬಿ, ಹಿಂಬದಿಯ ಗಾಜಿನ ಮೇಲಿನ ಬರಹ, ಸರಕಿನ ಟಾರ್ಪಾಲಿನ ಬಣ್ಣ, ಹಿಂದಿನ ದೀಪಗಳ ಆಕಾರ ಇವುಗಳಿಂದ ಮಾದರಿಯನ್ನು ಗುರುತಿಸಿ, ಬೆಳಕು ಚೆನ್ನಾಗಿರುವ ದೂರದ ಕ್ಯಾಮೆರಾದಲ್ಲಿ ಅದೇ ವಾಹನದ ಸಂಖ್ಯೆಯನ್ನು ಓದುವುದು ತನಿಖಾಧಿಕಾರಿಗಳ ಪರಿಚಿತ ವಿಧಾನ. ಟೋಲ್ ಗೇಟಿನಲ್ಲಿ ಫಾಸ್ಟ್ಯಾಗ್ ದಾಖಲೆಯೂ ಸಂಖ್ಯೆ ಓದುವ ಕ್ಯಾಮೆರಾವೂ ನೆರವಿಗೆ ಬರುತ್ತವೆ.

ಪರದೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ವಾಟ್ಸ್‌ಆ್ಯಪ್‌ನಲ್ಲಿ ಹರಡಿದ ತುಣುಕು ಸುಳಿವಾದೀತು, ಸಾಕ್ಷ್ಯವಾಗಲು ಅದು ಸಾಲದು. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಮೂಲ ಸಾಧನದಿಂದ ಪಡೆದ ಪ್ರತಿಯ ಜೊತೆ ಹ್ಯಾಶ್ ಮೌಲ್ಯ (ಕಡತ ಬದಲಾಗಿಲ್ಲ ಎಂದು ತೋರಿಸುವ ಅಂಕಿ-ಅಕ್ಷರಗಳ ಗುರುತು) ನಮೂದಿಸಿದ ಪ್ರಮಾಣಪತ್ರ ಇರಬೇಕು, ಅದರ ಒಂದು ಭಾಗಕ್ಕೆ ಸಾಧನದ ಹೊಣೆ ಹೊತ್ತವರೂ ಇನ್ನೊಂದು ಭಾಗಕ್ಕೆ ತಜ್ಞರೂ ಸಹಿ ಮಾಡಬೇಕು. ಮಾಲೀಕರು ಅಂಗಡಿ ಮುಚ್ಚಿ ಹೋದ ಮೇಲೆ, ಸಾಧನ ಬದಲಾದ ಮೇಲೆ ಈ ಸಹಿಗೆ ಅಲೆಯುವುದು ಕಷ್ಟ. ಜಪ್ತಿಯ ಸಮಯದಲ್ಲೇ ಆಗಬೇಕು. ದೃಶ್ಯವನ್ನು ಸಾಮಾಜಿಕ ಜಾಲತಾಣದಲ್ಲಿ ಹಾಕುವ ಬಗ್ಗೆಯೂ ಒಂದು ಮಾತು: ಅದರಿಂದ ಸಾಕ್ಷಿಗಳು ಸಿಕ್ಕಿದ್ದುಂಟು, ವಾಹನವನ್ನು ಬಚ್ಚಿಡಲು ಚಾಲಕನಿಗೆ ಮುನ್ಸೂಚನೆ ಸಿಕ್ಕಿದ್ದೂ ಉಂಟು. ತನಿಖಾಧಿಕಾರಿಯನ್ನು ಕೇಳದೆ ಹಾಕಬೇಡಿ.

ಸಾಕ್ಷಿಗಳು

ರಸ್ತೆಯಲ್ಲಿ ನೋಡಿದವರು ಮುಂದೆ ಬರಲು ಹಿಂಜರಿಯುವುದು ಠಾಣೆ ಮತ್ತು ನ್ಯಾಯಾಲಯದ ಅಲೆದಾಟದ ಭಯದಿಂದ. ಗಾಯಾಳುವಿಗೆ ನೆರವಾದವರಿಗೆ ಮೋಟಾರು ವಾಹನ ಕಾಯ್ದೆಯ 134ಎ ಕಲಂ ರಕ್ಷಣೆ ಕೊಡುತ್ತದೆ. ಅವರು ಹೆಸರು ವಿಳಾಸ ಹೇಳಲೇಬೇಕೆಂದು ಒತ್ತಾಯಿಸುವಂತಿಲ್ಲ, ಸಾಕ್ಷಿಯಾಗುವುದು ಅವರ ಇಚ್ಛೆಗೆ ಬಿಟ್ಟದ್ದು. ಉಳಿದ ಸಾಕ್ಷಿಗಳಲ್ಲಿಯೂ ಮಹಿಳೆಯರು, 60 ವರ್ಷ ಮೀರಿದವರು, 15 ವರ್ಷದೊಳಗಿನವರು, ಅಂಗವಿಕಲರು ಮತ್ತು ತೀವ್ರ ಅನಾರೋಗ್ಯ ಇರುವವರ ಹೇಳಿಕೆಯನ್ನು ಅವರಿರುವ ಕಡೆಗೇ ಹೋಗಿ ಪಡೆಯಬೇಕು. ಇದನ್ನು ತಿಳಿಸಿ ಹೇಳಿದರೆ ಅರ್ಧ ಹಿಂಜರಿಕೆ ಕಳೆಯುತ್ತದೆ. ಏನು ಹೇಳಬೇಕೆಂದು ಮಾತ್ರ ಸಾಕ್ಷಿಗೆ ಎಂದೂ ಹೇಳಿಕೊಡಬೇಡಿ. ಸಂಖ್ಯೆಯ ಕೊನೆಯ ಎರಡು ಅಂಕಿ ಮಾತ್ರ ನೆನಪಿದ್ದರೆ ಆ ಎರಡನ್ನೇ ಹೇಳಲಿ. ವಾಹನದ ಮಾದರಿ, ಬಣ್ಣ ಮತ್ತು ಎರಡು ಅಂಕಿ ಸೇರಿದರೆ ನೋಂದಣಿಯ ದತ್ತಾಂಶದಲ್ಲಿ ಹುಡುಕುವ ಪಟ್ಟಿ ಬಹಳ ಚಿಕ್ಕದಾಗುತ್ತದೆ.

ವಾಹನದಿಂದ ಚಾಲಕನವರೆಗೆ

ಸ್ಥಳದಲ್ಲಿ ಸಿಕ್ಕ ದೀಪದ ಚೂರು, ಕನ್ನಡಿಯ ಹೊದಿಕೆ, ಬಂಪರಿನ ತುಂಡಿನ ಮೇಲೆ ತಯಾರಕರ ಗುರುತೋ ಬಿಡಿಭಾಗದ ಸಂಖ್ಯೆಯೋ ಅಚ್ಚಾಗಿರುವುದುಂಟು. ಅದರಿಂದ ಮಾದರಿಯೂ ಒಮ್ಮೊಮ್ಮೆ ತಯಾರಾದ ವರ್ಷಗಳ ವ್ಯಾಪ್ತಿಯೂ ತಿಳಿಯುತ್ತದೆ. ಪೊಲೀಸರು ಆಮೇಲೆ ಗ್ಯಾರೇಜುಗಳು, ಬಿಡಿಭಾಗದ ಅಂಗಡಿಗಳು, ಮುಂಭಾಗದ ಹಾನಿಗೆ ಬಂದ ವಿಮಾ ಕೋರಿಕೆಗಳನ್ನು ಪರಿಶೀಲಿಸುತ್ತಾರೆ. ಎಣ್ಣೆಯ ಜಾಡಿನ ಮಹತ್ವಕ್ಕೆ 1999ರ ಜನವರಿಯಲ್ಲಿ ದೆಹಲಿಯ ಲೋಧಿ ಕಾಲೊನಿಯಲ್ಲಿ ಆರು ಜನರನ್ನು ಬಲಿತೆಗೆದುಕೊಂಡ ಬಿಎಂಡಬ್ಲ್ಯು ಪ್ರಕರಣವೇ ನಿದರ್ಶನ. ರಸ್ತೆಯ ಮೇಲೆ ಸೋರಿದ್ದ ಎಣ್ಣೆಯನ್ನು ಹಿಂಬಾಲಿಸಿದ ಪೊಲೀಸರು ಕಾರನ್ನು ನಿಲ್ಲಿಸಿದ್ದ ಮನೆಯನ್ನು ತಲುಪಿದ್ದರು.

ಶಂಕಿತ ವಾಹನ ಸಿಕ್ಕ ಮೇಲೆ ಎಲ್ಲಕ್ಕಿಂತ ಗಟ್ಟಿಯಾದ ಸಾಕ್ಷ್ಯವೆಂದರೆ ಸ್ಥಳದಲ್ಲಿ ಬಿದ್ದ ಚೂರು ವಾಹನದಲ್ಲಿ ಮುರಿದು ಉಳಿದ ಭಾಗಕ್ಕೆ ಅಂಚಿಗೆ ಅಂಚು ಕೂಡುವುದು. ಬಣ್ಣದ ಪದರಗಳ ಹೋಲಿಕೆ ಅದರ ನಂತರದ್ದು. ಒಂದೇ ಕಾರ್ಖಾನೆಯ ಬಣ್ಣ ಸಾವಿರಾರು ವಾಹನಗಳ ಮೇಲಿರುತ್ತದೆ, ಆದರೆ ಮೇಲಿಂದ ಮೇಲೆ ಬಣ್ಣ ಹಚ್ಚಿಸಿದ ಹಳೆಯ ವಾಹನದಲ್ಲಿ ಪದರಗಳ ಸರಣಿಯೇ ಗುರುತಾಗುತ್ತದೆ. ಹೊರಮೈಯನ್ನು ತೊಳೆದಿದ್ದರೂ ತಳಭಾಗದ ಸಂದುಗಳಲ್ಲಿ ನೂಲು, ಕೂದಲು, ರಕ್ತ ಉಳಿದಿರಬಹುದು. ಆದ್ದರಿಂದ ವಾಹನವನ್ನು ಓಡಿಸಿಕೊಂಡು ಠಾಣೆಗೆ ತರುವ ಬದಲು ಮುಚ್ಚಿ ಸಾಗಿಸುವುದು ಮೇಲು. ಜಪ್ತಿಯ ಪ್ರಕ್ರಿಯೆಯನ್ನು ಧ್ವನಿ ಸಹಿತ ಚಿತ್ರೀಕರಿಸಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ವಿಧಿಸುತ್ತದೆ. ಮೋಟಾರು ವಾಹನ ನಿರೀಕ್ಷಕರ ತಪಾಸಣಾ ವರದಿಯಲ್ಲಿ ಹಾನಿಯ ಜೊತೆಗೆ ಬ್ರೇಕಿನ ಸ್ಥಿತಿಯೂ ದಾಖಲಾಗುತ್ತದೆ.

ವಾಹನ ಸಿಕ್ಕಿತೆಂದರೆ ಚಾಲಕ ಸಿಕ್ಕಂತೆ ಎಂದು ಕುಟುಂಬದವರು ನಿಟ್ಟುಸಿರು ಬಿಡುವ ಹಂತ ಇದು. ನಿಜವಾದ ಜಾಗ್ರತೆ ಬೇಕಾಗಿರುವುದು ಇಲ್ಲಿ. ಆ ಸಮಯದಲ್ಲಿ ವಾಹನ ಯಾರ ಕೈಯಲ್ಲಿತ್ತು ಎಂದು ಮಾಲೀಕರು ಪೊಲೀಸರಿಗೆ ತಿಳಿಸಲೇಬೇಕು, ಮೋಟಾರು ವಾಹನ ಕಾಯ್ದೆಯ 133ನೇ ಕಲಂ ಹಾಗೆ ಕಡ್ಡಾಯ ಮಾಡಿದೆ. ಆದರೆ ಮಾಲೀಕರು ಸಂಬಳದ ಚಾಲಕನ ಹೆಸರು ಹೇಳಿ ಮನೆಯವರನ್ನು ಉಳಿಸಿಕೊಳ್ಳುವ ಸಾಧ್ಯತೆಯನ್ನು ತನಿಖೆ ಒಳಗೊಳ್ಳಬೇಕು. ಶರಣಾದವರ ಮೊಬೈಲ್ ಆ ಹೊತ್ತಿನಲ್ಲಿ ಎಲ್ಲಿತ್ತು, ಟೋಲಿನ ಅಥವಾ ಬಂಕಿನ ಕ್ಯಾಮೆರಾದಲ್ಲಿ ಸ್ಟೀರಿಂಗಿನ ಹಿಂದೆ ಯಾರಿದ್ದರು, ಚಾಲಕನ ಆಸನ ಯಾರ ಎತ್ತರಕ್ಕೆ ಹೊಂದುವಂತಿತ್ತು, ಗಾಳಿಚೀಲ (ಏರ್‌ಬ್ಯಾಗ್) ತೆರೆದುಕೊಂಡಿದ್ದರೆ ಅದರ ಮೇಲಿನ ಜೈವಿಕ ಕುರುಹು ಯಾರದು ಎಂಬ ಪ್ರಶ್ನೆಗಳನ್ನು ಲಿಖಿತವಾಗಿ ಕೇಳುವುದರಲ್ಲಿ ತಪ್ಪಿಲ್ಲ. ಚಾಲಕನನ್ನು ನೋಡಿದ ಸಾಕ್ಷಿ ಇದ್ದರೆ ಗುರುತು ಪತ್ತೆ ಕವಾಯತು, ಅಂದರೆ ಹಲವರ ನಡುವೆ ನಿಲ್ಲಿಸಿದ ಆರೋಪಿಯನ್ನು ಸಾಕ್ಷಿಯಿಂದ ಗುರುತಿಸಿಸುವ ಪ್ರಕ್ರಿಯೆ ನಡೆಸಬಹುದು. ಅದಕ್ಕೆ ಮುನ್ನ ಆ ಸಾಕ್ಷಿಗೆ ಆರೋಪಿಯ ಫೋಟೊ ತೋರಿಸಿದರೆ ಕವಾಯತಿನ ಬೆಲೆಯೇ ಹೋಗುತ್ತದೆ.

ಕಲಂಗಳು ಮತ್ತು ಜಾಮೀನು

ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂನ ಒಂದನೇ ಉಪಕಲಂ ನಿರ್ಲಕ್ಷ್ಯದ ಸಾವಿಗೆ ಐದು ವರ್ಷದವರೆಗೆ ಜೈಲು ಮತ್ತು ದಂಡ ವಿಧಿಸುತ್ತದೆ. ಹಳೆಯ ದಂಡ ಸಂಹಿತೆಯ 304ಎ ಕಲಂನಲ್ಲಿ ಇದು ಎರಡು ವರ್ಷವಿತ್ತು. ಡಿಕ್ಕಿ ಹೊಡೆದು ಪೊಲೀಸರಿಗೆ ತಿಳಿಸದೆ ಪರಾರಿಯಾದವರಿಗೆ ಹತ್ತು ವರ್ಷದವರೆಗೆ ಶಿಕ್ಷೆ ಹೇಳುವ ಎರಡನೇ ಉಪಕಲಂ ಬಗ್ಗೆ ಎಲ್ಲರೂ ಕೇಳಿರುತ್ತಾರೆ. 2024ರ ಜನವರಿಯಲ್ಲಿ ಲಾರಿ ಚಾಲಕರು ಮುಷ್ಕರ ಹೂಡಿದ್ದು ಅದರ ವಿರುದ್ಧವೇ. ಅದೇ ವರ್ಷ ಜುಲೈ 1ರಂದು ಉಳಿದ ಸಂಹಿತೆ ಜಾರಿಯಾದಾಗ ಆ ಉಪಕಲಂ ಒಂದನ್ನು ಜಾರಿಗೆ ತರದೆ ಬಿಡಲಾಯಿತು. ಹೀಗಾಗಿ ಹತ್ತು ವರ್ಷದ ಕಲಂ ಯಾಕೆ ಹಾಕಿಲ್ಲ ಎಂದು ಠಾಣೆಯಲ್ಲಿ ಜಗಳಕ್ಕೆ ನಿಲ್ಲುವ ಮುನ್ನ ಇದನ್ನು ತಿಳಿದಿರಬೇಕು.

ಪರಾರಿಯಾದದ್ದಕ್ಕೆ ಪ್ರತ್ಯೇಕವಾಗಿ ಅನ್ವಯಿಸುವುದು ಮೋಟಾರು ವಾಹನ ಕಾಯ್ದೆಯ 134 ಮತ್ತು 187ನೇ ಕಲಂಗಳು. ಚಾಲಕ ಗಾಯಾಳುವಿಗೆ ಚಿಕಿತ್ಸೆ ಕೊಡಿಸಬೇಕು, ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ಠಾಣೆಗೆ ತಿಳಿಸಬೇಕು. ಜನರ ಆಕ್ರೋಶಕ್ಕೆ ಹೆದರಿ ಸ್ಥಳ ಬಿಟ್ಟೆ ಎಂಬ ಸಮಜಾಯಿಷಿಗೆ ಕಾಯ್ದೆಯಲ್ಲಿ ಸ್ವಲ್ಪ ಜಾಗವಿದೆ, ಆದರೆ ಠಾಣೆಗೂ ತಿಳಿಸದೆ ಗ್ಯಾರೇಜಿಗೆ ಹೋದವರಿಗೆ ಅದು ನೆರವಾಗದು. ದುಡುಕಿನ ಚಾಲನೆಗೆ ನ್ಯಾಯ ಸಂಹಿತೆಯ 281ನೇ ಕಲಂ, ಸಾಕ್ಷ್ಯ ನಾಶಕ್ಕೆ 238ನೇ ಕಲಂ ಸೇರಬಹುದು. ಕುಡಿದು ಅತಿವೇಗದಲ್ಲಿ ಓಡಿಸಿ, ಸಾವಾಗಬಹುದೆಂಬ ಅರಿವಿದ್ದೂ ಮುಂದುವರಿದದ್ದು ಕಂಡುಬಂದರೆ ಕೊಲೆಯಲ್ಲದ ನರಹತ್ಯೆಯ 105ನೇ ಕಲಂ ಪರಿಗಣಿಸಬೇಕಾಗುತ್ತದೆ. ಮೇಲೆ ಹೇಳಿದ ದೆಹಲಿ ಪ್ರಕರಣದಲ್ಲಿ 2012ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಸಮಾನವಾದ ಹಳೆಯ 304ನೇ ಕಲಂನ ಎರಡನೇ ಭಾಗವನ್ನೇ ಎತ್ತಿಹಿಡಿಯಿತು.

106ನೇ ಕಲಂನ ಒಂದನೇ ಉಪಕಲಂ ಜಾಮೀನು ನೀಡಬಹುದಾದ ಅಪರಾಧ. ಚಾಲಕ ಬಂಧನವಾದ ದಿನವೇ ಹೊರಬರಬಹುದು. ಇದನ್ನು ಪೊಲೀಸರ ಶಾಮೀಲು ಎಂದು ಭಾವಿಸಿ ಅವರೊಂದಿಗಿನ ಮಾತುಕತೆಯನ್ನೇ ಕಡಿದುಕೊಳ್ಳುವ ಕುಟುಂಬಗಳಿವೆ. ಜಾಮೀನು ಪ್ರಕರಣದ ಅಂತ್ಯವಲ್ಲ, ಆ ಹಂತದಲ್ಲಿ ಬೇಕಾಗಿರುವುದು ಆರೋಪಪಟ್ಟಿ ಗಟ್ಟಿಯಾಗಿ ಬರುವುದು.

ತನಿಖೆಯ ಬೆನ್ನುಹತ್ತುವುದು

ತನಿಖೆಯ ಪ್ರಗತಿಯನ್ನು 90 ದಿನಗಳೊಳಗೆ ದೂರುದಾರರಿಗೆ ಅಥವಾ ಸಂತ್ರಸ್ತರಿಗೆ ತಿಳಿಸಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 193ನೇ ಕಲಂ ಹೇಳುತ್ತದೆ. ಹದಿನೈದು ದಿನಕ್ಕೊಮ್ಮೆ ಚಿಕ್ಕ ಪತ್ರ ಬರೆದು ಕೇಳುವುದು ಒಳ್ಳೆಯ ಅಭ್ಯಾಸ: ಯಾವ ಕ್ಯಾಮೆರಾಗಳ ದೃಶ್ಯ ಜಪ್ತಿಯಾಗಿದೆ, ಪ್ರಯೋಗಾಲಯಕ್ಕೆ ಏನೇನು ಹೋಗಿದೆ, ಯಾವ ವರದಿ ಬಾಕಿ ಇದೆ. ತನಿಖಾಧಿಕಾರಿ ವರ್ಗಾವಣೆಯಾದಾಗ ಹೊಸಬರಿಗೆ ಈ ಪತ್ರಗಳ ಪ್ರತಿಯನ್ನು ಒಟ್ಟಾಗಿ ಕೊಡಿ. ಆರೋಪಪಟ್ಟಿ ಸಲ್ಲಿಕೆಯಾದ ಮೇಲೆ ವಕೀಲರ ಮೂಲಕ ಹಾಜರಾದ ಸಂತ್ರಸ್ತರಿಗೂ ಅದರ ಪ್ರತಿ ಸಿಗುತ್ತದೆ. ಸರ್ಕಾರಿ ಅಭಿಯೋಜಕರಿಗೆ ನೆರವಾಗಲು ಸ್ವಂತ ವಕೀಲರನ್ನು ಇಟ್ಟುಕೊಳ್ಳುವ ಅವಕಾಶವೂ ಇದೆ. ವಕೀಲರ ಖರ್ಚು ಭರಿಸಲಾಗದವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಕೇಳಬೇಕು.

ವಾಹನ ಪತ್ತೆಯಾಗದಿದ್ದರೆ ಪೊಲೀಸರು ಸಲ್ಲಿಸುವ ವರದಿಯನ್ನು ಕರ್ನಾಟಕದ ಠಾಣೆಗಳಲ್ಲಿ ಸಿ ರಿಪೋರ್ಟ್ ಎನ್ನುತ್ತಾರೆ. ಆರೋಪವೇ ಸುಳ್ಳು ಎನ್ನುವ ಬಿ ರಿಪೋರ್ಟಿಗಿಂತ ಇದು ಬೇರೆ. ಪ್ರಕರಣ ಮುಕ್ತಾಯಗೊಳಿಸುವ ವರದಿಯನ್ನು ಒಪ್ಪುವ ಮುನ್ನ ಮ್ಯಾಜಿಸ್ಟ್ರೇಟರು ದೂರುದಾರರಿಗೆ ತಿಳಿಸಿ ಅವರ ಮಾತು ಕೇಳಬೇಕೆಂದು 1985ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಆಗ ತಕರಾರು ಅರ್ಜಿ ಸಲ್ಲಿಸಿ, ನೀವು ಕೊಟ್ಟ ಪಟ್ಟಿಯಲ್ಲಿನ ಯಾವ ಕ್ಯಾಮೆರಾವನ್ನು ನೋಡಲೇ ಇಲ್ಲ, ಯಾವ ಸಾಕ್ಷಿಯ ಹೇಳಿಕೆ ಪಡೆದಿಲ್ಲ ಎಂಬುದನ್ನು ಸ್ವೀಕೃತಿಗಳ ಸಹಿತ ತೋರಿಸಬಹುದು. ಆ ಸ್ವೀಕೃತಿಗಳನ್ನು ಮೊದಲ ದಿನದಿಂದ ಕೂಡಿಡಲು ಹೇಳಿದ್ದು ಇದಕ್ಕಾಗಿಯೇ. ಮುಂದೆಂದಾದರೂ ಹೊಸ ಸುಳಿವು ಸಿಕ್ಕಿದರೆ ಹೆಚ್ಚುವರಿ ತನಿಖೆ ನಡೆಸಲು ಕಾನೂನಿನಲ್ಲಿ ಅವಕಾಶವಿದೆ.

ಪರಿಹಾರ

ಪರಿಹಾರಕ್ಕೆ ಎರಡು ದಾರಿಗಳಿವೆ. ವಾಹನ ಪತ್ತೆಯಾದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬೇಕು. ಮೊದಲ ಅಪಘಾತ ವರದಿಯನ್ನು 48 ಗಂಟೆಯೊಳಗೆ, ವಿವರವಾದ ಅಪಘಾತ ವರದಿಯನ್ನು 90 ದಿನಗಳೊಳಗೆ ಪೊಲೀಸರು ನ್ಯಾಯಮಂಡಳಿಗೆ ಕಳಿಸಬೇಕೆಂದು 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮಗಳು ಹೇಳುತ್ತವೆ. ಅರ್ಜಿಗೆ ಕಾಯ್ದೆಯಲ್ಲಿ ಹೇಳಿರುವ ಆರು ತಿಂಗಳ ಅವಧಿಯೊಳಗೇ ಸಲ್ಲಿಸಿಬಿಡುವುದು ಕ್ಷೇಮ.

ವಾಹನ ಪತ್ತೆಯಾಗದಿದ್ದರೆ ಮೋಟಾರು ವಾಹನ ಕಾಯ್ದೆಯ 161ನೇ ಕಲಂ ಮತ್ತು ಪರಾರಿ ಪ್ರಕರಣಗಳ ಪರಿಹಾರಕ್ಕಾಗಿಯೇ ಇರುವ 2022ರ ಯೋಜನೆಯ ಪ್ರಕಾರ ಸಾವಿಗೆ ₹2 ಲಕ್ಷ, ತೀವ್ರ ಗಾಯಕ್ಕೆ ₹50 ಸಾವಿರ ಸಿಗುತ್ತದೆ. ಅದಕ್ಕೂ ಮುಂಚೆ ಸಾವಿಗೆ ಕೊಡುತ್ತಿದ್ದುದು ₹25 ಸಾವಿರ ಮಾತ್ರ. ಒಂದು ಜೀವಕ್ಕೆ ಈಗಿನ ಮೊತ್ತವೂ ಅಲ್ಪವೇ. ಹಾಗಿದ್ದರೂ ಇದನ್ನು ಕೇಳುವವರೇ ಕಡಿಮೆ, ಏಕೆಂದರೆ ಯೋಜನೆ ಇದೆ ಎಂಬುದೇ ಅನೇಕರಿಗೆ ತಿಳಿಯದು. ಈ ಕಾರಣಕ್ಕೆ 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಪ್ರಕರಣ ದಾಖಲಾಗಿ ಒಂದು ತಿಂಗಳಾದರೂ ವಾಹನದ ವಿವರ ಸಿಗದಿದ್ದರೆ ಈ ಪರಿಹಾರದ ಬಗ್ಗೆ ಕುಟುಂಬಕ್ಕೆ ಠಾಣಾಧಿಕಾರಿಯೇ ಲಿಖಿತವಾಗಿ ತಿಳಿಸಬೇಕೆಂದು ನಿರ್ದೇಶಿಸಿತು. ತಿಂಗಳಾದರೂ ಅಂಥ ಪತ್ರ ಬಾರದಿದ್ದರೆ ನೀವೇ ಹೋಗಿ ಕೇಳಿ.

ಅರ್ಜಿಯನ್ನು ಸಲ್ಲಿಸಬೇಕಾದದ್ದು ಕ್ಲೇಮು ವಿಚಾರಣಾಧಿಕಾರಿಗೆ, ಅಂದರೆ ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರ್ ಮಟ್ಟದ ಕಂದಾಯ ಅಧಿಕಾರಿಗೆ. ಎಫ್‌ಐಆರ್ ಪ್ರತಿ, ಮರಣೋತ್ತರ ಪರೀಕ್ಷೆಯ ವರದಿ ಅಥವಾ ಮರಣ ಪ್ರಮಾಣಪತ್ರ, ಮೃತರ ಮತ್ತು ಅರ್ಜಿದಾರರ ಗುರುತಿನ ದಾಖಲೆ, ಸಂಬಂಧದ ದಾಖಲೆ, ಬ್ಯಾಂಕ್ ಪಾಸ್‌ಬುಕ್‌ನ ಪ್ರತಿ ಸಿದ್ಧವಿರಲಿ. ಅವರು ಒಂದು ತಿಂಗಳೊಳಗೆ ವರದಿ ಕೊಡಬೇಕು, ಜಿಲ್ಲಾಧಿಕಾರಿ ಹದಿನೈದು ದಿನಗಳಲ್ಲಿ ಮಂಜೂರು ಮಾಡಬೇಕು, ಆಮೇಲೆ ಹದಿನೈದು ದಿನಗಳಲ್ಲಿ ಸಾಮಾನ್ಯ ವಿಮಾ ಕಂಪನಿಗಳ ಮಂಡಳಿಯಾದ ಜನರಲ್ ಇನ್ಶೂರೆನ್ಸ್ ಕೌನ್ಸಿಲ್ ಹಣವನ್ನು ನೇರವಾಗಿ ಖಾತೆಗೆ ಹಾಕಬೇಕು. ಇದಕ್ಕೆ ಮಧ್ಯವರ್ತಿಯೂ ಬೇಕಿಲ್ಲ, ಶೇಕಡಾವಾರು ಕೇಳುವ ಏಜೆಂಟರಂತೂ ಬೇಡವೇ ಬೇಡ.

ಈ ಹಣ ಪಡೆದ ಮಾತ್ರಕ್ಕೆ ಕ್ರಿಮಿನಲ್ ಪ್ರಕರಣ ಮುಗಿಯುವುದಿಲ್ಲ, ಮುಂದೆ ವಾಹನ ಸಿಕ್ಕಿದರೆ ನ್ಯಾಯಮಂಡಳಿಯ ಬಾಗಿಲೂ ಮುಚ್ಚುವುದಿಲ್ಲ. ಆಗ ನ್ಯಾಯಮಂಡಳಿಯಿಂದ ಪರಿಹಾರ ಬಂದರೆ ಈ ಯೋಜನೆಯ ಮೊತ್ತವನ್ನು ಹಿಂದಿರುಗಿಸಬೇಕಾಗುತ್ತದೆ. ಅರ್ಜಿಯ ಜೊತೆ ಅದಕ್ಕೊಪ್ಪಿದ ಮುಚ್ಚಳಿಕೆಗೆ ಸಹಿ ಹಾಕಿಸಿಕೊಳ್ಳುತ್ತಾರೆ, ಆದ್ದರಿಂದ ಮಂಜೂರಾತಿ ಆದೇಶದ ಒಂದು ಪ್ರತಿಯನ್ನು ಎಫ್‌ಐಆರ್‌ನ ಜೊತೆಯಲ್ಲೇ ಇಟ್ಟುಕೊಳ್ಳಿ.